ಪೂರ್ತಿ ಕೆಲಸದ ಜೊತೆಗೇ 200 ಕಿ.ಮೀ. ಬ್ರೆವೆ: 16 ವಾರಗಳ ತಯಾರಿ, ಹಂತ ಹಂತವಾಗಿ

ಕೆಲಸಕ್ಕೆ ಹೋಗುವವರ ಕೈಯಲ್ಲಿ ಸೈಕಲ್‌ಗೆಂದು ಉಳಿಯುವುದು ವಾರಕ್ಕೆ ಆರರಿಂದ ಎಂಟು ಗಂಟೆ. ಕಷ್ಟಪಟ್ಟು ಹೊಂದಿಸಿದರೆ ಎರಡು ಮೂರು ವಾರಗಳ ಮಟ್ಟಿಗೆ ಹತ್ತು ಗಂಟೆ. 200 ಕಿ.ಮೀ. ಬ್ರೆವೆಯನ್ನು, ಅಂದರೆ ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿಯನ್ನು, ನೆಮ್ಮದಿಯಿಂದ ಮುಗಿಸಲು ಇಷ್ಟು ಸಾಕು. ಆ ಗಂಟೆಗಳನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಈಗಾಗಲೇ 50 ಕಿ.ಮೀ. ಆರಾಮವಾಗಿ ತುಳಿಯಬಲ್ಲವರಿಗಾಗಿ ಇದು. ಅಲ್ಲಿಯವರೆಗೆ ಬಂದಿಲ್ಲದಿದ್ದರೆ ಮೊದಲು ಒಂದೆರಡು ತಿಂಗಳು ಅದಕ್ಕೇ ಕೊಡಿ.

ಶುರುವಿನಲ್ಲೇ ಒಂದು ಮಾತು. ಆಫೀಸಿನ ದಣಿವನ್ನೂ ತರಬೇತಿಯ ಲೆಕ್ಕಕ್ಕೇ ಸೇರಿಸಬೇಕು. ತರಬೇತಿಯಿಂದ ಶಕ್ತಿ ಬರುವುದು ತುಳಿಯುವಾಗ ಅಲ್ವೇ ಅಲ್ಲ, ಆಮೇಲೆ ದೇಹ ಸುಧಾರಿಸಿಕೊಳ್ಳುವಾಗ. ಡೆಡ್‌ಲೈನ್, ಕಡಿಮೆ ನಿದ್ದೆ, ಮಕ್ಕಳ ಪರೀಕ್ಷೆ, ಮನೆಯ ಚಿಂತೆ ಎಲ್ಲವೂ ಅದೇ ಸುಧಾರಿಕೆಯ ಖಾತೆಯಿಂದಲೇ ಖರ್ಚಾಗುತ್ತವೆ. ಹಾಗಾಗಿ ಕೆಳಗಿನ ಪ್ರತಿ ಹಂತದಲ್ಲೂ ‘ಎಷ್ಟು ಮಾಡಬಹುದು’ ಎಂಬುದರ ಜೊತೆಗೆ ‘ಯಾವಾಗ ಬಿಡಬೇಕು’ ಎಂಬುದೂ ಇದೆ.

ಹಂತ 1: ಗುರಿಯನ್ನು ಗಂಟೆಗಳಲ್ಲಿ ಲೆಕ್ಕ ಹಾಕಿ

ಬ್ರೆವೆಯಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಎಂದೇನೂ ಇಲ್ಲ. ಗೊತ್ತುಪಡಿಸಿದ ದಾರಿ, ನಡುನಡುವೆ ಕಂಟ್ರೋಲ್‌ಗಳು (ಕಾರ್ಡಿಗೆ ಮುದ್ರೆ ಹಾಕಿಸಿಕೊಳ್ಳುವ ತಾಣಗಳು), ಒಟ್ಟು ಸಮಯದ ಮಿತಿ. ಅಷ್ಟರೊಳಗೆ ನಿಮ್ಮ ಬಲದ ಮೇಲೆ ನೀವು ಮುಗಿಸಬೇಕು. 1904ರಲ್ಲಿ ಹುಟ್ಟಿದ ಫ್ರಾನ್ಸ್‌ನ ಸೈಕಲ್ ಕ್ಲಬ್ ಆಡಾಕ್ಸ್ ಕ್ಲಬ್ ಪಾರಿಸಿಯೆನ್, ಲೋಕದಾದ್ಯಂತ ನಡೆಯುವ ಬಿಆರ್‌ಎಂಗಳ (ಇಂಥ ಬ್ರೆವೆಗಳ) ನಿಯಮಗಳನ್ನು ನೋಡಿಕೊಳ್ಳುತ್ತದೆ. ಮಿತಿಗಳು ಹೀಗಿವೆ: 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27 ಗಂಟೆ, 600ಕ್ಕೆ 40 ಗಂಟೆ. ನಿಲ್ಲುವ ಸಮಯವೂ ಸೇರಿ ಗಂಟೆಗೆ ಸರಾಸರಿ 15 ಕಿ.ಮೀ. ಅಂದುಕೊಳ್ಳಿ.

ಈಗ ಲೆಕ್ಕ ನೋಡಿ. ತುಳಿಯುವಾಗ ನಿಮ್ಮ ಸರಾಸರಿ 20 ಕಿ.ಮೀ. ಇದ್ದರೆ 200 ಕಿ.ಮೀ.ಗೆ 10 ಗಂಟೆ ಬೇಕು. ಊಟ, ಪಂಕ್ಚರ್, ಕಂಟ್ರೋಲ್ ಎಲ್ಲದಕ್ಕೂ ಸೇರಿ ಮೂರೂವರೆ ಗಂಟೆ ಉಳಿಯಿತು. 18 ಕಿ.ಮೀ. ಇದ್ದರೆ 11 ಗಂಟೆ ಮೇಲೆ ಕೆಲವು ನಿಮಿಷ. ಉಳಿಯುವುದು ಎರಡೂ ಕಾಲು ಗಂಟೆ ಚಿಲ್ಲರೆ. ಅದರಲ್ಲೂ ಮುಗಿಸಬಹುದು, ಆದರೆ ಕಂಟ್ರೋಲ್‌ಗಳಲ್ಲಿ ಹರಟೆಗೆ ಕೂರುವಂತಿಲ್ಲ. ಒಟ್ಟಿನಲ್ಲಿ ಬೇಕಾಗಿರುವುದು ಹತ್ತು ಹನ್ನೊಂದು ಗಂಟೆ ಒಂದೇ ಹದದಲ್ಲಿ ತುಳಿಯುವ ಅಭ್ಯಾಸ. 30ರ ವೇಗದ ಚಿಂತೆ ಬಿಡಿ.

ದಾರಿಯ ಏರು ಎಷ್ಟು ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ಸಮತಟ್ಟಾದ 200ಕ್ಕೂ 2,500 ಮೀಟರ್ ಏರಿರುವ 200ಕ್ಕೂ ಅಜಗಜಾಂತರ. ಮೊದಲ ಸಲಕ್ಕೆ ಏರು ಕಡಿಮೆ ಇರುವುದನ್ನೇ ಆರಿಸಿಕೊಳ್ಳಿ. ಅದರ ದಿನಾಂಕದಿಂದ 16 ವಾರ ಹಿಂದಕ್ಕೆ ಎಣಿಸಿ, ಅಲ್ಲಿಂದ ಶುರು ಮಾಡಿ.

ಹಂತ 2: ವಾರವನ್ನು ಇದ್ದದ್ದು ಇದ್ದ ಹಾಗೆ ಬರೆಯಿರಿ

ಕಳೆದ ಎರಡು ವಾರ ನಿಜವಾಗಿ ಹೇಗೆ ಕಳೆದವು ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಎದ್ದದ್ದು ಎಷ್ಟಕ್ಕೆ, ಮನೆ ಬಿಟ್ಟದ್ದು ಎಷ್ಟಕ್ಕೆ, ಮಲಗಿದ್ದು ಎಷ್ಟಕ್ಕೆ. ಆಮೇಲೆ ಸೈಕಲ್‌ಗೆ ಜಾಗ ಹುಡುಕಿ. ನನ್ನ ಅನುಭವದಲ್ಲಿ ಬೆಳಗಿನ ಹೊತ್ತೇ ಹೆಚ್ಚು ನಂಬಿಕೆಗೆ ಅರ್ಹ. ಸಂಜೆಯ ಸವಾರಿಯನ್ನು ಒಂದು ಮೀಟಿಂಗ್ ನುಂಗಿಬಿಡುತ್ತದೆ. ಬೆಳಗ್ಗೆ ಐದೂವರೆಗೆ ಯಾರೂ ಮೀಟಿಂಗ್ ಇಡುವುದಿಲ್ಲ, ಅಲ್ವಾ? ಆದರೆ ಬೇಗ ಏಳುವುದಕ್ಕೆ ಬೇಗ ಮಲಗಬೇಕು. ನಿದ್ದೆಯಿಂದ ಒಂದು ಗಂಟೆ ಕದ್ದು ಸೈಕಲ್‌ಗೆ ಹಾಕಿದರೆ ಲಾಭವೇನೂ ಇಲ್ಲ.

ಆಫೀಸಿಗೆ ಸೈಕಲ್‌ನಲ್ಲೇ ಹೋಗಲು ಸಾಧ್ಯವೇ ನೋಡಿ. ಹೋಗಲು 40 ನಿಮಿಷ, ಬರಲು 40 ನಿಮಿಷ ಆದರೆ ವಾರದಲ್ಲಿ ಎರಡು ದಿನಕ್ಕೇ ಎರಡೂವರೆ ಗಂಟೆ ಮೀರಿ ಸಿಗುತ್ತದೆ. ಬಸ್ಸಿನಲ್ಲೋ ಕಾರಿನಲ್ಲೋ ಹೇಗಿದ್ದರೂ ಕಳೆಯುತ್ತಿದ್ದ ಸಮಯ ಅದು. ಹೋಗುವಾಗ ಹಗುರವಾಗಿ ತುಳಿಯಿರಿ, ಬರುವಾಗ ಬೇಕಿದ್ದರೆ ಸುತ್ತು ದಾರಿ ಹಿಡಿಯಿರಿ. ಬಟ್ಟೆ, ಟವೆಲ್ಲನ್ನು ಹಿಂದಿನ ದಿನವೇ ಆಫೀಸಿನಲ್ಲಿ ಇಟ್ಟುಬಿಟ್ಟರೆ ಬೆನ್ನ ಮೇಲಿನ ಭಾರ ತಪ್ಪುತ್ತದೆ.

ಮನೆಯವರ ಜೊತೆ ಈಗಲೇ ಕೂತು ಮಾತಾಡಿ. 16 ವಾರಗಳ ದೊಡ್ಡ ಸವಾರಿಗಳನ್ನೆಲ್ಲ ಮನೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಎಷ್ಟು ಹೊತ್ತಿಗೆ ವಾಪಸ್ ಬರುತ್ತೀರಿ ಅನ್ನುವುದನ್ನೂ ಬರೆಯಿರಿ. ಬರೆದ ಹೊತ್ತಿಗೆ ಬನ್ನಿ. ಬಂದ ಮೇಲೆ ಹಾಸಿಗೆ ಹಿಡಿಯದೆ ಮನೆಯ ಕೆಲಸದಲ್ಲಿ ನಿಮ್ಮ ಪಾಲು ಮಾಡಿ. ಇಂಟರ್ವಲ್‌ಗಿಂತ (ಗಟ್ಟಿ ತುಳಿತ, ಹಗುರ ತುಳಿತವನ್ನು ಸರದಿಯಾಗಿ ಮಾಡುವ ಅಭ್ಯಾಸ) ಇದು ಮುಖ್ಯ ಅಂತ ನಾನು ಮನಸಾರೆ ನಂಬುತ್ತೇನೆ. ಮನೆಯವರ ಒಪ್ಪಿಗೆಯಿಲ್ಲದ ತಯಾರಿ ಎಂಟನೇ ವಾರ ದಾಟುವುದು ಕಷ್ಟ.

ಹಂತ 3: ಸೈಕಲ್ ನಿಮ್ಮ ಮೈಗೆ ಹೊಂದಲಿ

ಇದನ್ನು ಮೊದಲ ಎರಡು ವಾರಗಳಲ್ಲೇ ಮುಗಿಸಬೇಕು. 50 ಕಿ.ಮೀ.ಯಲ್ಲಿ ಗೊತ್ತೇ ಆಗದ ಸಣ್ಣ ತೊಂದರೆ 150ರಲ್ಲಿ ಸವಾರಿಯನ್ನೇ ನಿಲ್ಲಿಸುತ್ತದೆ.

ಸೀಟಿನ ಎತ್ತರಕ್ಕೆ ಸುಲಭದ ವಿಧಾನ: ಸೀಟಿನ ಮೇಲೆ ನೇರವಾಗಿ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಡಿ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಕಾಲು ನೇರವಾಗಬೇಕು, ಸೊಂಟ ಪಕ್ಕಕ್ಕೆ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿಯಲ್ಲಿ ತಕ್ಕಷ್ಟು ಬಾಗು ತಾನಾಗಿ ಬರುತ್ತದೆ. ಮಂಡಿಯ ಮುಂದೆ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗಿರುತ್ತದೆ, ಹಿಂದೆ ಬಂದರೆ ಎತ್ತರ ಜಾಸ್ತಿ ಇರುತ್ತದೆ. ಬದಲಿಸುವಾಗ ಒಂದು ಸಲಕ್ಕೆ ಮೂರರಿಂದ ಐದು ಮಿಲಿಮೀಟರ್ ಸಾಕು. ಬದಲಿಸಿ ಎರಡು ಮೂರು ಸವಾರಿ ನೋಡಿ, ಆಮೇಲೆ ಮುಂದಿನದು.

ಉಂಗುರದ ಬೆರಳು, ಕಿರುಬೆರಳು ಜೋಮು ಹಿಡಿಯುತ್ತಿದ್ದರೆ ಅಂಗೈಯ ಬುಡದಲ್ಲಿ ಹಾದುಹೋಗುವ ನರದ ಮೇಲೆ ಭಾರ ಬೀಳುತ್ತಿದೆ ಎಂದರ್ಥ. ಸೀಟಿನ ಮೂತಿ ತುಂಬಾ ಕೆಳಗೆ ಬಾಗಿದ್ದರೆ ಮೈಭಾರವೆಲ್ಲ ಕೈಗೆ ಬರುತ್ತದೆ, ಅದನ್ನು ಮೊದಲು ನೋಡಿ. ಹ್ಯಾಂಡಲ್ ಮೇಲೆ ಕೈ ಇಡುವ ಜಾಗವನ್ನು ಆಗಾಗ ಬದಲಿಸಿ. ಸರಿಹೋಗದಿದ್ದರೆ ದುಡ್ಡು ಕೊಟ್ಟಾದರೂ ಬೈಕ್ ಫಿಟ್ ಮಾಡಿಸಿ, ಅಂದರೆ ಬಲ್ಲವರಿಂದ ಸೈಕಲ್ಲನ್ನು ನಿಮ್ಮ ಮೈಯ ಅಳತೆಗೆ ಹೊಂದಿಸಿಕೊಳ್ಳಿ. ಹಗುರದ ಚಕ್ರಕ್ಕೆ ಸುರಿಯುವ ಹಣಕ್ಕಿಂತ ಇದು ಎಷ್ಟೋ ಮೇಲು.

ಟೈರ್ 28 ಅಥವಾ 32 ಮಿಲಿಮೀಟರ್ ಅಗಲದ್ದು ಹಿಡಿಸಿದರೆ ಹಾಕಿಸಿಕೊಳ್ಳಿ. ಗಾಳಿಯನ್ನು ಕಲ್ಲಿನಂತೆ ಗಟ್ಟಿಯಾಗುವಷ್ಟು ತುಂಬಬೇಡಿ. ಪ್ಯಾಡ್ ಇರುವ ಶಾರ್ಟ್ಸ್ ಕೆಳಗೆ ಒಳಉಡುಪು ಬೇಡ. ಹೊಲಿಗೆ ಉಜ್ಜಿ ಹುಣ್ಣಾಗುತ್ತದೆ. ಸವಾರಿ ಮುಗಿದ ಕೂಡಲೇ ಬಟ್ಟೆ ಬದಲಿಸಿ, ಪ್ರತಿ ಸಲವೂ ತೊಳೆಯಿರಿ.

ಹಂತ 4: ಕೆಲಸದ ದಿನಗಳು

ರಜೆ ಶನಿವಾರ, ಭಾನುವಾರ ಅಂದುಕೊಂಡು ಬರೆಯುತ್ತಿದ್ದೇನೆ. ನಿಮ್ಮದು ಬೇರೆ ದಿನ ಆದರೆ ಸರಿಸಿಕೊಳ್ಳಿ.

ಸೋಮವಾರ ಪೂರ್ತಿ ರಜೆ. ಮಂಗಳವಾರ ಒಂದು ಗಂಟೆ, ಅದರಲ್ಲಿ ಇಂಟರ್ವಲ್. 15 ನಿಮಿಷ ಮೈ ಬಿಸಿ ಮಾಡಿಕೊಂಡು, ಎಂಟು ನಿಮಿಷದ ಗಟ್ಟಿ ತುಳಿತ ನಾಲ್ಕು ಸಲ, ನಡುವೆ ಮೂರು ನಿಮಿಷ ಹಗುರ. ಮೊದಲ ವಾರಗಳಲ್ಲಿ ಮೂರೇ ಸಲ ಮಾಡಿ. ಗಟ್ಟಿ ಎಂದರೆ ಎಷ್ಟು? ಒಂದೆರಡು ಪದಕ್ಕಿಂತ ಜಾಸ್ತಿ ಮಾತಾಡಲಾಗದಷ್ಟು. ಆದರೆ ನಾಲ್ಕನೆಯದೂ ಮೊದಲನೆಯದರಷ್ಟೇ ಚೆನ್ನಾಗಿ ಬರಬೇಕು. ಮೊದಲನೆಯದರಲ್ಲೇ ಎಲ್ಲ ಸುರಿದುಬಿಟ್ಟರೆ ಉಳಿದವು ಸುಮ್ನೆ ನರಳಾಟ.

ಬುಧವಾರ ಸೈಕಲ್ ಬೇಡ, 20 ನಿಮಿಷ ವ್ಯಾಯಾಮ. ಸ್ಕ್ವಾಟ್, ಪ್ಲ್ಯಾಂಕ್, ಬೆನ್ನ ಮೇಲೆ ಮಲಗಿ ಸೊಂಟ ಎತ್ತುವುದು, ಬೆನ್ನಿಗೆ ಒಂದೆರಡು. ದಿನವಿಡೀ ಕುರ್ಚಿಯಲ್ಲಿ ಕೂರುವವರ ಸೊಂಟ, ಬೆನ್ನು ಬಲ ಕಳೆದುಕೊಂಡಿರುತ್ತವೆ. ನೂರು ಕಿ.ಮೀ. ದಾಟಿದ ಮೇಲೆ ಮೊದಲು ದೂರು ಹೇಳುವುದೂ ಅವೇ.

ಗುರುವಾರ ಒಂದರಿಂದ ಒಂದೂ ಕಾಲು ಗಂಟೆ, ಹದವಾದ ಒತ್ತಡ. 20 ನಿಮಿಷದ ಎರಡು ತುಂಡು, ನಡುವೆ ಐದು ನಿಮಿಷ ಹಗುರ. ಪವರ್ ಮೀಟರ್ (ತುಳಿತದ ಬಲವನ್ನು ವಾಟ್‌ಗಳಲ್ಲಿ ತೋರಿಸುವ ಸಾಧನ) ಇದ್ದವರು ಎಫ್‌ಟಿಪಿಯ, ಅಂದರೆ ಸುಮಾರು ಒಂದು ಗಂಟೆ ಒಂದೇ ಸಮ ತುಳಿಯಬಲ್ಲ ಗರಿಷ್ಠ ಬಲದ, 88ರಿಂದ 94 ಶೇಕಡಾದಲ್ಲಿ ಇರಲಿ. ಎಫ್‌ಟಿಪಿ ತಿಳಿಯಲು 20 ನಿಮಿಷ ಒಂದೇ ಸಮ ಗಟ್ಟಿಯಾಗಿ ತುಳಿದು, ಬಂದ ಸರಾಸರಿ ವಾಟ್‌ನ 95 ಶೇಕಡಾ ತೆಗೆದುಕೊಳ್ಳಿ. ಮೀಟರ್ ಇಲ್ಲದಿದ್ದರೆ ಚಿಕ್ಕ ಚಿಕ್ಕ ವಾಕ್ಯ ಹೇಳಬಹುದು, ಕತೆ ಹೇಳಲಾಗದು ಅನ್ನುವ ಹಂತ. ಶುಕ್ರವಾರ ವಿಶ್ರಾಂತಿ, ರಾತ್ರಿಯೇ ಸೈಕಲ್‌ಗೆ ಗಾಳಿ ಹೊಡೆದು, ಬಾಟಲಿ, ಲೈಟ್, ತಿಂಡಿ ಎಲ್ಲ ಜೋಡಿಸಿಡಿ.

ವಾರಕ್ಕೆ ಗಟ್ಟಿ ಸವಾರಿ ಎರಡೇ. ಮೂರನೆಯದು ಬೇಡ. ಉಳಿದದ್ದೆಲ್ಲ ಪಕ್ಕದವರ ಜೊತೆ ಆರಾಮವಾಗಿ ಮಾತಾಡಿಕೊಂಡು ಹೋಗುವಷ್ಟು ಹಗುರ. ಸಮಯ ಕಡಿಮೆ ಅಂತ ಪ್ರತಿ ಸವಾರಿಯನ್ನೂ ಅರೆಗಟ್ಟಿಯಾಗಿ ತುಳಿಯುವವರು ತುಂಬಾ ಜನ. ಅದರಿಂದ ಇಂಟರ್ವಲ್ ದಿನ ಕಾಲು ಓಡುವುದಿಲ್ಲ, ಹಗುರದ ದಿನ ದಣಿವು ಆರುವುದಿಲ್ಲ.

ಮಳೆ, ಕತ್ತಲು, ಟ್ರಾಫಿಕ್ ಕಾಟ ಇದ್ದರೆ ಮನೆಯೊಳಗೆ ಟ್ರೈನರ್ (ಸೈಕಲ್ಲನ್ನು ನಿಲ್ಲಿಸಿ ಇದ್ದಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಮಾಡಿ. ಅಲ್ಲಿ ಇಳಿಜಾರೂ ಇಲ್ಲ, ಸಿಗ್ನಲ್ಲೂ ಇಲ್ಲ, 50 ನಿಮಿಷದಲ್ಲೇ ಕೆಲಸ ಮುಗಿಯುತ್ತದೆ. ಮುಂದೆ ದೊಡ್ಡ ಫ್ಯಾನ್ ಇರಲೇಬೇಕು. ನೈಟ್ ಶಿಫ್ಟ್ ಮಾಡುವವರು ಶಿಫ್ಟ್ ಮುಗಿದ ಬೆಳಗ್ಗೆ ಇಂಟರ್ವಲ್ ಹಿಡಿಯಬೇಡಿ. ನಿದ್ದೆಗಣ್ಣಲ್ಲಿ ರಸ್ತೆಗಿಳಿಯುವುದು ಅಪಾಯ.

ಹಂತ 5: ದೊಡ್ಡ ಸವಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಬೆಳೆಸಿ

ತಯಾರಿಯ ಬೆನ್ನೆಲುಬು ಇದೇ: ಶನಿವಾರ ದೊಡ್ಡ ಸವಾರಿ, ಭಾನುವಾರ ಒಂದು ಗಂಟೆ ಹಗುರ. ಮೂರು ವಾರ ಏರಿಸಿ, ನಾಲ್ಕನೇ ವಾರ ಇಳಿಸಿ.

ಮೊದಲ ನಾಲ್ಕು ವಾರ: 60, 70, 80, ಆಮೇಲೆ 50 ಕಿ.ಮೀ.
ಎರಡನೇ ನಾಲ್ಕು: 85, 95, 105, ಆಮೇಲೆ 60.
ಮೂರನೇ ನಾಲ್ಕು: 110, 120, 135, ಆಮೇಲೆ 75.
ಕೊನೆಯ ನಾಲ್ಕು: 140, 150, 80, ಆಮೇಲೆ ಬ್ರೆವೆ.

ತಯಾರಿಯಲ್ಲಿ 200 ತುಳಿಯಲೇಬೇಕು ಅಂತ ಇಲ್ಲ. 150 ನೆಮ್ಮದಿಯಿಂದ ಮುಗಿಸಿದವರಿಗೆ ಉಳಿದ 50 ಆ ದಿನ ಬರುತ್ತದೆ. ಅಭ್ಯಾಸಕ್ಕೇ 200 ಮಾಡಿದರೆ ಸೋಮವಾರದಿಂದ ಬುಧವಾರದವರೆಗಿನ ಆಫೀಸೂ ತರಬೇತಿಯೂ ಎರಡೂ ಹಾಳು. 140, 150ರ ವಾರಗಳಲ್ಲಿ ಭಾನುವಾರದ ಒಂದು ಗಂಟೆಯ ಹಗುರ ಸವಾರಿಯನ್ನು ಬಿಟ್ಟುಬಿಡಿ, ಗುರುವಾರದ್ದನ್ನೂ ಚಿಕ್ಕದು ಮಾಡಿ.

ಇಡೀ ಶನಿವಾರ ಸಿಗದ ವಾರ ಬಂದರೆ ಶನಿವಾರ ನಾಲ್ಕು ಗಂಟೆ, ಭಾನುವಾರ ಮೂರು ಗಂಟೆ ಅಂತ ಹಂಚಿ. ದಣಿದ ಕಾಲಿನಲ್ಲಿ ತುಳಿಯುವ ಅಭ್ಯಾಸವೂ ಅದರಿಂದ ಆಗುತ್ತದೆ. ಒಂದು ವಾರ ಪೂರ್ತಿ ತಪ್ಪಿಹೋದರೆ ಅದನ್ನು ಮುಂದಿನ ವಾರಕ್ಕೆ ಸೇರಿಸಬೇಡಿ. ತಪ್ಪಿದ್ದು ತಪ್ಪಿತು, ಇದ್ದಲ್ಲಿಂದ ಮುಂದುವರಿಯಿರಿ. ಎರಡು ವಾರ ತಪ್ಪಿದ್ದರೆ ಎರಡು ಮೆಟ್ಟಿಲು ಹಿಂದೆ ಬನ್ನಿ.

ಪ್ರತಿ ದೊಡ್ಡ ಸವಾರಿಯೂ ಬ್ರೆವೆಯ ತಾಲೀಮು ಆಗಬೇಕು. ಅದೇ ಶಾರ್ಟ್ಸ್, ಅದೇ ಬ್ಯಾಗ್, ಅದೇ ತಿಂಡಿ. ಎಲ್ಲಕ್ಕಿಂತ ಹೆಚ್ಚಾಗಿ ನಿಲ್ಲುವ ಸಮಯವನ್ನು ಅಭ್ಯಾಸ ಮಾಡಿ. ಆರು ಕಡೆ 25 ನಿಮಿಷ ನಿಂತರೆ ಎರಡೂವರೆ ಗಂಟೆ. ಅದೇ ಆರು ಕಡೆ 10 ನಿಮಿಷ ಆದರೆ ಒಂದೇ ಗಂಟೆ. ಉಳಿದ ಒಂದೂವರೆ ಗಂಟೆಯನ್ನು ವೇಗ ಹೆಚ್ಚಿಸಿ ಗಳಿಸಬೇಕೆಂದರೆ ತಿಂಗಳುಗಟ್ಟಲೆ ಬೆವರು ಸುರಿಸಬೇಕು. ನಿಲ್ಲುವ ಮೊದಲೇ ಏನೇನು ಮಾಡಬೇಕು ಅಂತ ಮನಸ್ಸಿನಲ್ಲಿ ಪಟ್ಟಿ ಮಾಡಿಕೊಳ್ಳಿ: ನೀರು, ಶೌಚ, ತಿಂಡಿ, ಕಾರ್ಡಿಗೆ ಮುದ್ರೆ, ಹೊರಟೆ.

ಇನ್ನೊಂದು ತಾಲೀಮು ಪಂಕ್ಚರ್‌ದು. ಹಿಂದಿನ ಚಕ್ರ ಬಿಚ್ಚಿ, ಟ್ಯೂಬ್ ಬದಲಿಸಿ, ಕೈಪಂಪಿನಲ್ಲಿ ಗಾಳಿ ತುಂಬಿ, ಚಕ್ರ ಮತ್ತೆ ಕೂರಿಸಿ. ಮನೆಯಲ್ಲಿ ಮೂರು ನಾಲ್ಕು ಸಲ ಮಾಡಿ. ಆಮೇಲೆ ಲೈಟ್ ಆರಿಸಿ, ಹೆಡ್‌ಟಾರ್ಚ್ ಬೆಳಕಿನಲ್ಲಿ ಒಮ್ಮೆ ಮಾಡಿ. ಟೈರಿನ ಒಳಗೆ ಬೆರಳಾಡಿಸಿ ಮುಳ್ಳೋ ಗಾಜೋ ಉಳಿದಿದೆಯೇ ನೋಡುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಹೊಸ ಟ್ಯೂಬೂ ಹೋಗುತ್ತದೆ.

ಹಂತ 6: ತಿನ್ನುವುದನ್ನೂ ಕಲಿಯಬೇಕು

ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟಿರುವ ಗ್ಲೈಕೋಜನ್ ಸುಮಾರು 400ರಿಂದ 500 ಗ್ರಾಂ. ಅಂದರೆ 1,600ರಿಂದ 2,000 ಕ್ಯಾಲೊರಿ. ಹತ್ತು ಹನ್ನೊಂದು ಗಂಟೆಯ ಸವಾರಿಗೆ ಅದರ ಎರಡು ಮೂರು ಪಟ್ಟು ಬೇಕು. ಒಂದು ಪಾಲು ಕೊಬ್ಬಿನಿಂದ ಬರುತ್ತದೆ, ಉಳಿದದ್ದನ್ನು ತಿನ್ನುತ್ತಲೇ ಇರಬೇಕು. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಇಟ್ಟುಕೊಳ್ಳಿ. ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 25 ಗ್ರಾಂ ಚಿಲ್ಲರೆ ಇರುತ್ತದೆ, ಹಾಗಾಗಿ ಗಂಟೆಗೆ ಒಂದು ಹಣ್ಣು ಮಾತ್ರ ಅಂದರೆ ಕಡಿಮೆಯೇ. ಹೊಟ್ಟೆಗೂ ಅಭ್ಯಾಸ ಮಾಡಿಸಿದರೆ, ಗ್ಲುಕೋಸ್ ಮತ್ತು ಫ್ರಕ್ಟೋಸ್ ಎರಡೂ ಇರುವ ಆಹಾರದಿಂದ ಗಂಟೆಗೆ 90 ಗ್ರಾಂವರೆಗೂ ಹೋಗಬಹುದು. ಬ್ರೆವೆಯ ಹದಕ್ಕೆ ಅಷ್ಟು ಬೇಕಾಗುವುದು ಅಪರೂಪ.

ಹಸಿವಾಗುವವರೆಗೆ ಕಾಯಬೇಡಿ. ಪ್ರತಿ 25 ನಿಮಿಷಕ್ಕೆ ಅಲಾರಂ ಇಟ್ಟು ಎರಡು ತುತ್ತು ತಿನ್ನಿ. ಆರನೇ ಗಂಟೆಯ ನಂತರ ಸಿಹಿ ಕಂಡರೆ ಆಗದು ಅನ್ನಿಸುತ್ತದೆ; ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಬ್ರೆಡ್, ಖಾರದ್ದು ಏನಾದರೂ ಜೊತೆಗಿರಲಿ. ಒಂದೇ ಸಲ ಹೊಟ್ಟೆ ಬಿರಿಯೆ ಉಂಡರೆ ಮುಂದಿನ ಒಂದು ಗಂಟೆ ಕಾಲಿಗೆ ಹೋಗಬೇಕಾದ ರಕ್ತ ಹೊಟ್ಟೆಯಲ್ಲೇ ಇರುತ್ತದೆ.

ನೀರಿನ ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು ಥರ. ಗಂಟೆಗೆ 500ರಿಂದ 750 ಮಿ.ಲೀ. ಎಂಬುದು ಶುರುವಿಗೆ ಸರಿ. ನಿಮ್ಮ ಲೆಕ್ಕ ತಿಳಿಯಲು ಸವಾರಿಗೆ ಮೊದಲು, ಆಮೇಲೆ ತೂಕ ನೋಡಿ: ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಕಡಿಮೆ ಕುಡಿದಿದ್ದೀರಿ. ಸ್ವಲ್ಪ ಇಳಿದರೆ ಚಿಂತೆಯಿಲ್ಲ. ತೂಕ ಏರಿದ್ದರೆ ಮಾತ್ರ ಎಚ್ಚರ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಕರಿಕೆ, ಗೊಂದಲ ಶುರುವಾಗಿ ಜೀವಕ್ಕೂ ಕುತ್ತು ಬರಬಹುದು. ಬಾಯಾರಿಕೆ ಕೇಳಿದಷ್ಟು ಕುಡಿಯಿರಿ, ಒಂದು ಬಾಟಲಿಯಲ್ಲಿ ಎಲೆಕ್ಟ್ರೋಲೈಟ್ (ಲವಣ ಬೆರೆಸಿದ ನೀರು) ಇರಲಿ.

ಹಂತ 7: ಯಾವಾಗ ಬಿಡಬೇಕು

ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆ ಆಗಿದ್ದರೆ ಇಂಟರ್ವಲ್ ಬಿಡಿ. ಮನಸ್ಸಿದ್ದರೆ 30 ನಿಮಿಷ ಹಗುರವಾಗಿ ತುಳಿಯಿರಿ, ಇಲ್ಲದಿದ್ದರೆ ಮಲಗಿ. ಬೆಳಗ್ಗೆ ಎದ್ದ ಕೂಡಲೇ ನಾಡಿ ಎಣಿಸುವ ರೂಢಿ ಮಾಡಿಕೊಳ್ಳಿ. ಎಂದಿನದಕ್ಕಿಂತ ಏಳೆಂಟು ಬಡಿತ ಜಾಸ್ತಿ ಇದ್ದು, ಅದು ಎರಡು ದಿನ ಹಾಗೇ ಮುಂದುವರಿದರೆ ದೇಹ ಏನೋ ಹೇಳುತ್ತಿದೆ. ಜ್ವರ ಇದ್ದಾಗ, ಎದೆಯಲ್ಲಿ ಕಫ ಇದ್ದಾಗ ಸೈಕಲ್ ಮುಟ್ಟಬೇಡಿ. ಎದೆನೋವು, ತಲೆಸುತ್ತು ಬಂದರೆ ನೇರ ವೈದ್ಯರ ಹತ್ತಿರ ಹೋಗಿ. ವರ್ಷಗಟ್ಟಲೆ ವ್ಯಾಯಾಮ ಬಿಟ್ಟವರು, ಹೃದಯದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವವರು ಮೊದಲ ವಾರಕ್ಕೂ ಮುಂಚೆಯೇ ಒಮ್ಮೆ ತೋರಿಸಿಕೊಳ್ಳಿ.

ಸಂಜೆಯ ಕಾಫಿಯ ಮೇಲೂ ಕಣ್ಣಿಡಿ. ಕುಡಿದ ಕೆಫೀನ್‌ನ ಅರ್ಧ ಐದು ಗಂಟೆಯ ನಂತರವೂ ದೇಹದಲ್ಲೇ ಇರುತ್ತದೆ. ಐದು ಗಂಟೆಗೆ ಕುಡಿದ ಕಾಫಿ ಹತ್ತು ಗಂಟೆಯ ನಿದ್ದೆಗೆ ಅಡ್ಡ ಬರುತ್ತದೆ.

ಆಫೀಸಿನಲ್ಲಿ ದೊಡ್ಡ ಕೆಲಸ ಬರುವ ವಾರ ಮೊದಲೇ ಗೊತ್ತಿದ್ದರೆ ಇಳಿಕೆಯ ವಾರವನ್ನು ಅಲ್ಲಿಗೇ ಸರಿಸಿ. ಪ್ಲಾನ್ ಕೆಲಸಕ್ಕೆ ಬಾಗಬೇಕು, ಏಕೆಂದರೆ ಕೆಲಸ ಪ್ಲಾನ್‌ಗೆ ಬಾಗುವುದಿಲ್ಲ.

ಹಂತ 8: ಕೊನೆಯ ಎರಡು ವಾರ, ಆ ದಿನ

150 ಮುಗಿದ ಮೇಲೆ ಒಟ್ಟು ಸಮಯವನ್ನು ಅರ್ಧಕ್ಕೆ ಇಳಿಸಿ, ಗಟ್ಟಿತನ ಇರಲಿ: ಎಂಟು ನಿಮಿಷದ ತುಂಡು ನಾಲ್ಕರ ಬದಲು ಎರಡು. ಈಗ ಹೆಚ್ಚು ತುಳಿದರೆ ಹೊಸ ಶಕ್ತಿ ಬರುವುದಿಲ್ಲ, ದಣಿವು ಮಾತ್ರ ಉಳಿಯುತ್ತದೆ. ಹೊಸ ಸೀಟು, ಹೊಸ ಶೂ, ಹೊಸ ಜೆಲ್ ಯಾವುದೂ ಈ ಎರಡು ವಾರದಲ್ಲಿ ಬೇಡ. ಚೈನ್, ಬ್ರೇಕ್ ಪ್ಯಾಡ್, ಟೈರ್ ತೋರಿಸಿಕೊಂಡು ಬನ್ನಿ. ಶುಕ್ರವಾರ ರಜೆ ಹಾಕಲು ಸಾಧ್ಯವಾದರೆ ಹಾಕಿ. ಹಿಂದಿನ ರಾತ್ರಿ ನಿದ್ದೆ ಬರದೇ ಇರಬಹುದು, ಅದಕ್ಕೆ ಗಾಬರಿ ಬೇಡ. ಅದರ ಹಿಂದಿನ ಎರಡು ಮೂರು ರಾತ್ರಿಗಳ ನಿದ್ದೆಯೇ ನಿಮ್ಮನ್ನು ಕಾಯುವುದು.

ಜೊತೆಗಿರಬೇಕಾದದ್ದು: ಎರಡು ಟ್ಯೂಬ್, ಟೈರ್ ಲಿವರ್, ಪಂಪು, ಮಲ್ಟಿಟೂಲ್, ಚೈನ್ ಲಿಂಕ್, ಮುಂದೆ ಹಿಂದೆ ಲೈಟ್, ಪ್ರತಿಫಲಿಸುವ ಜಾಕೆಟ್, ಪವರ್ ಬ್ಯಾಂಕ್, ಗುರುತಿನ ಚೀಟಿ, ಸ್ವಲ್ಪ ನಗದು.

ಮೊದಲ 50 ಕಿ.ಮೀ.ಯಲ್ಲಿ ನಿಮ್ಮನ್ನು ತುಂಬಾ ಜನ ದಾಟಿ ಹೋಗುತ್ತಾರೆ. ಹೋಗಲಿ. ಆಗ ‘ಇಷ್ಟು ನಿಧಾನವೇ’ ಅನ್ನಿಸುವ ಹದವೇ ಸರಿಯಾದ ಹದ. ಏರಿನಲ್ಲಿ ಸಣ್ಣ ಗೇರಿಗೆ ಇಳಿದು ಕೂತೇ ತುಳಿಯಿರಿ. ಸುಮಾರು 130ರ ಹೊತ್ತಿಗೆ ಮನಸ್ಸು ಕುಗ್ಗುತ್ತದೆ, ಇದೆಲ್ಲ ಯಾಕೆ ಬೇಕಿತ್ತು ಅನ್ನಿಸುತ್ತದೆ. ಬಹುಪಾಲು ಸಲ ಅದಕ್ಕೆ ಕಾರಣ ಹೊಟ್ಟೆ ಖಾಲಿ ಇರುವುದು. ತಿನ್ನಿ, 20 ನಿಮಿಷ ಹಗುರವಾಗಿ ತುಳಿಯಿರಿ, ಆಮೇಲೆ ನಿರ್ಧಾರ ಮಾಡಿ. ಕಣ್ಣು ಎಳೆಯುತ್ತಿದ್ದರೆ ಮಾತ್ರ ಹಟ ಬೇಡ. ಸುರಕ್ಷಿತ ಜಾಗ ನೋಡಿ ಅಲಾರಂ ಇಟ್ಟು 15 ನಿಮಿಷ ಮಲಗಿ.

ಹಂತ 9: ಮುಗಿದ ಮೇಲೆ

ಮನೆಗೆ ಹಿಂದಿರುಗುವಾಗ ನೀವೇ ಗಾಡಿ ಓಡಿಸಬೇಡಿ. ಮೊದಲೇ ಯಾರಿಗಾದರೂ ಹೇಳಿಡಿ. ಮುಂದಿನ ವಾರ ಇಂಟರ್ವಲ್ ಇಲ್ಲ, ಮೂರು ದಿನದ ನಂತರ ಅರ್ಧ ಗಂಟೆ ಹಗುರ ಸವಾರಿ ಒಂದೆರಡು ಸಲ ಸಾಕು. ಎಷ್ಟು ಹೊತ್ತು ತುಳಿದಿರಿ, ಎಷ್ಟು ಹೊತ್ತು ನಿಂತಿರಿ, ಯಾವ ತಿಂಡಿ ಹೊಟ್ಟೆಗೆ ಒಗ್ಗಲಿಲ್ಲ, ಎಲ್ಲಿ ನೋವು ಬಂತು ಎಂಬುದನ್ನು ನೆನಪು ಹಸಿಯಿರುವಾಗಲೇ ಬರೆದಿಡಿ.

300ರ ಆಸೆ ಬಂದರೆ ನಡುವೆ ನಾಲ್ಕು ವಾರ ಬಿಡಿ. ಈ 200ನ್ನೇ ಅದರ ದೊಡ್ಡ ತಾಲೀಮು ಎಂದುಕೊಂಡು, ನಡುವೆ 100, 120 ಕಿ.ಮೀ.ಯ ಎರಡು ಸವಾರಿ ಮಾಡಿದರೆ ಸಾಕು. ಅದರಲ್ಲಿ ಒಂದನ್ನು ಕತ್ತಲಿರುವಾಗಲೇ ಶುರು ಮಾಡಿ, ಏಕೆಂದರೆ 20 ಗಂಟೆಯ ಮಿತಿಯಲ್ಲಿ ಒಂದಷ್ಟು ದಾರಿಯನ್ನು ರಾತ್ರಿಯಲ್ಲೇ ತುಳಿಯಬೇಕಾಗುತ್ತದೆ. ಒಂದೇ ಋತುವಿನಲ್ಲಿ, ಅಂದರೆ ನವೆಂಬರ್‌ನಿಂದ ಮುಂದಿನ ಅಕ್ಟೋಬರ್‌ವರೆಗೆ, 200, 300, 400, 600 ನಾಲ್ಕೂ ಮುಗಿಸಿದವರನ್ನು ಸೂಪರ್ ರ‍್ಯಾಂಡನರ್ ಎನ್ನುತ್ತಾರೆ. 1891ರಲ್ಲಿ ಮೊದಲು ನಡೆದ, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಸುಮಾರು 1,200 ಕಿ.ಮೀ.ಯ ಫ್ರಾನ್ಸ್‌ನ ಸವಾರಿ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಹೋಗಬೇಕೆನ್ನುವವರು ಆ ವರ್ಷ ಈ ನಾಲ್ಕನ್ನೂ ಮುಗಿಸಿರಬೇಕು. ಹಿಂದಿನದು 2023ರಲ್ಲಿ ನಡೆಯಿತು. ಆ ದಾರಿ ಮನಸ್ಸಿನಲ್ಲಿದ್ದರೆ ಈ ವರ್ಷದ 600ರ ದಿನಾಂಕವನ್ನೂ ಮನೆಯ ಕ್ಯಾಲೆಂಡರ್‌ನಲ್ಲಿ ಈಗಲೇ ಗುರುತು ಹಾಕಿ, ಅದರ ಮರುದಿನಕ್ಕೆ ಆಫೀಸಿನಲ್ಲಿ ರಜೆ ಕೇಳಿಡಿ.